ಭದ್ರವಾಗಿದೆ ಎಂದ ಸಿ.ಡಿ.

ಕರೆಂಟು ಹೋಗಿ ಯುಪಿಎಸ್ ಕೂಗತೊಡಗಿದಾಗ ಮೂರು ಗಂಟೆ. (ಮೂರಕ್ಕೆ ಹತ್ತು ಕಡಿಮೆಯೂ ಇರಬಹುದು. ನನ್ನ ನೆನಪನ್ನು ಪೂರ್ತಿ ನಂಬಬೇಡಿ. ನಾನೂ ನಂಬುವುದಿಲ್ಲ.) ನಾಲ್ಕಕ್ಕೆ ರತ್ನಾಬಾಯಿ ಹುಮನಾಬಾದಿನ ತಹಸೀಲ್ ಕಚೇರಿಗೆ ಹೇಳಿಕೆ ಕೊಡಬೇಕಿತ್ತು.

ನಿರ್ಣಾ ಊರಿನ ಅವರ ಓಣಿಯವರು ಬಾವಿಗೆ ನಡೆಯುತ್ತಿದ್ದ ದಾರಿಯನ್ನು ಹೊಲದ ಹೊಸ ಮಾಲೀಕ ಉತ್ತು ಬೇಲಿ ಹಾಕಿಬಿಟ್ಟಿದ್ದ. ದಾರಿ ಎಲ್ಲಿತ್ತು ಎಂದು ಹೇಳಲು ಮುಂದೆ ಬಂದದ್ದು ಈ ಹಿರಿಯ ಹೆಂಗಸು ಒಬ್ಬರೇ.

ಕಚೇರಿಯ ಹತ್ತಿರ ಆ ಹೇಳಿಕೆ ಟೈಪ್ ಆಗುತ್ತಿದ್ದ ಅಂಗಡಿ ಕಲಾವತಿಯದು. ಅವಳ ಕಂಪ್ಯೂಟರಿನ ಹಾರ್ಡ್ ಡಿಸ್ಕ್ ಕೆಟ್ಟಿದ್ದಕ್ಕೇ ನಾನು ಬಸವಕಲ್ಯಾಣದಿಂದ ಬಸ್ಸು ಹತ್ತಿ ಒಂದು ಲಿನಕ್ಸ್ ಸಿ.ಡಿ. ಒಯ್ದಿದ್ದೆ. ಡಿಸ್ಕ್ ಇಲ್ಲದಿದ್ದರೂ ಕಂಪ್ಯೂಟರ್ ಆ ಸಿ.ಡಿ.ಯಿಂದಲೇ ಓಡುತ್ತದೆ. ಮೂಲದಲ್ಲಿ ಅದು ಬರೀ ಗೋಡೆಗಳ ಬಾಡಿಗೆ ಮನೆ. ಬೇಕಾದ ಸಾಮಾನು ತುಂಬಿ ನಮ್ಮದೇ ಸಿ.ಡಿ. ಮಾಡಿಕೊಳ್ಳಬೇಕು. ಕನ್ನಡ ಅಕ್ಷರ ತುಂಬಿದೆ, ಟೈಪ್ ಮಾಡುವ ಪ್ರೋಗ್ರಾಂ ತುಂಬಿದೆ, ಪ್ರಿಂಟರಿಗೆ ಬೇಕಾದದ್ದು ತುಂಬಿದೆ. ಬರೆದದ್ದನ್ನು ಫ್ಲಾಪಿ ತಟ್ಟೆಯಲ್ಲಿ ಉಳಿಸುವ ಭಾಗ ಬಿಟ್ಟೆ. ಯಾರಿಗೆ ಬೇಕು ಫ್ಲಾಪಿ? ಪರದೆಯ ಮೇಲೆ ಬರುವ ಇಂಗ್ಲಿಷ್ ಸಂದೇಶಗಳನ್ನೂ ಒಂದೊಂದಾಗಿ ಕನ್ನಡಕ್ಕೆ ತಂದೆ.

ಈಗ ಕರೆಂಟಿಲ್ಲ. ಪ್ರಿಂಟರ್ ಬಂದ್. ರತ್ನಾಬಾಯಿ ಒಂದು ತಾಸು ಹೇಳಿ ಬರೆಸಿದ್ದು ಪರದೆಯ ಮೇಲೆ. ಸೇವ್ ಮಾಡು ಎಂದೆ. ಕಲಾವತಿ ಒತ್ತಿದಳು. 'ಭದ್ರವಾಗಿದೆ' ಎಂದು ಬಂತು. ಯುಪಿಎಸ್ ಕೈಕೊಟ್ಟು ಪರದೆ ಕಪ್ಪಾಯಿತು.

ನಿಶ್ಚಿಂತೆಯಿಂದ ಚಹಾ ಕುಡಿದೆವು.

ಮೂರೂಕಾಲಿಗೆ ಕರೆಂಟು ಬಂತು. ಕಂಪ್ಯೂಟರ್ ಎದ್ದಿತು. ಹಾಳೆ ಇಲ್ಲ. ಸಿ.ಡಿ.ಯ ಮೇಲೆ ಏನೂ ಉಳಿಯದು, ಎಲ್ಲ ಮೆಮೊರಿಯಲ್ಲೇ, ಕರೆಂಟು ಹೋದರೆ ಅದೂ ಹೋಗುತ್ತದೆ ಎಂದು ವಿವರಿಸಿದೆ. ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ನನ್ನ ಕನ್ನಡ ನನ್ನನ್ನೇ ನಂಬಿಸಿತ್ತು.

"ಭದ್ರ ಅಂತ ನೀವೇ ಬರದೀರಲ್ರಿ ಸರ್. ಎಲ್ಲಿ ಅದ?" ಎಂದಳು ಕಲಾವತಿ.

ರತ್ನಾಬಾಯಿ ಬಯ್ಯಲಿಲ್ಲ. ಸೆರಗು ಸರಿಪಡಿಸಿಕೊಂಡು ಮತ್ತೆ ಮೊದಲಿನಿಂದ ಶುರು ಮಾಡಿದರು. ಈ ಸಲ ಬೇಗ ಬೇಗ. ದಾರಿಯಲ್ಲಿ ನಡೆದರೆ ಹುಣಸೆಮರ ಬಲಕ್ಕೆ ಸಿಗುತ್ತದೆ ಎಂದಾಗ ಕಲಾವತಿಯ ಬೆರಳು ನಿಂತವು.

"ಅಮ್ಮಾ, ಆಗ ಎಡಕ್ಕ ಅಂದಿದ್ರಿ."

"ಆಗ ಹೋಗೂದು ಹೇಳಿದ್ದೆ ತಂಗಿ, ಈಗ ಬರೂದು ಹೇಳಾಕತ್ತೀನಿ. ಖಾಲಿ ಕೊಡ ಹಿಡ್ಕೊಂಡು ಹೋಗಿದ್ದು ಯಾರು ನೆನಪಿಡ್ತಾರ? ತುಂಬಿದ ಕೊಡ ಹೊತ್ಕೊಂಡು ಬರಾಗ ಟೊಂಗಿ ಇಲ್ಲಿ ಹೊಡೀತಿತ್ತು," ಎಂದು ಬಲಗೆನ್ನೆ ಮುಟ್ಟಿ ತೋರಿಸಿದರು.

ಆಗ ಹೋಗುವುದನ್ನೇ ಹೇಳಿದ್ದರೇ? ನನಗೆ ಖಾತ್ರಿಯಿಲ್ಲ. ಕಲಾವತಿಗೂ ಇಲ್ಲ. ತೆಗೆದು ನೋಡೋಣವೆಂದರೆ ಮೊದಲ ಹಾಳೆಯನ್ನು ನಾನೇ ಕಳೆದಿದ್ದೆ.

'ಬರುವಾಗ ಬಲಕ್ಕೆ' ಎಂದೇ ಪ್ರಿಂಟ್ ಬಂತು. ಹೆಬ್ಬೆಟ್ಟು ಬಿತ್ತು. ನಾಲ್ಕಕ್ಕೆ ಐದು ನಿಮಿಷವಿರುವಾಗ ಕಚೇರಿಯ ಮೆಟ್ಟಿಲು ಹತ್ತಿದೆವು.

ಸೋಮವಾರ ಕಚೇರಿಯವರು ಸ್ಥಳ ನೋಡಲು ಬರುತ್ತಾರಂತೆ. ದಾರಿಯ ಗುರುತು ಮರದ ಆಚೆ ಬದಿಗೆ ಸಿಕ್ಕರೆ, ಸುಳ್ಳು ಹೇಳಿದ್ದು ರತ್ನಾಬಾಯಿಯೇ, ನಾನೇ?