ಅಲುಗಾಡಿದ ಚಿತ್ರ

ಚಾಮರಾಜಪೇಟೆಯ ನಮ್ಮ ಸ್ಟುಡಿಯೋ ಮಾಲೀಕರು ಪಾಸ್‌ಪೋರ್ಟ್ ಫೋಟೋಗೂ ಎರಡು ಬೆರಳಲ್ಲಿ ನಮ್ಮ ಗಲ್ಲ ಎತ್ತಿ, "ಅಲುಗಾಡ್ಬೇಡಿ" ಎಂದು ಗದರುತ್ತಿದ್ದರು. ಚೂರು ಮಸುಕಾದರೂ ಅಳಿಸಿ, ಮತ್ತೆ ಕೂರಿಸುತ್ತಿದ್ದರು.

ಒಮ್ಮೆ ರಾತ್ರಿಯ ರಾಕೆಟ್ ಉಡಾವಣೆಯ ಫೋಟೋ ತೆಗೆಯಲು ಶ್ರೀಹರಿಕೋಟಾಕ್ಕೆ ಹೊರಟವರು ಸಾಮಾನು ಹೊರಲು ನನ್ನನ್ನೂ ಕರೆದೊಯ್ದರು. ಕ್ಯಾಮೆರಾವನ್ನು ಸ್ಟ್ಯಾಂಡಿಗೆ ಬಿಗಿದು, "ರಾಕೆಟ್ ಮೇಲೇರೋವರೆಗೂ ಷಟರ್ ತೆರೆದೇ ಇರತ್ತೆ, ಇದನ್ನ ಯಾರೂ ಮುಟ್ಬೇಡಿ" ಎಂದರು. ದೂರದಲ್ಲಿ ಬೆಂಕಿ ಎದ್ದಿತು. ಸ್ವಲ್ಪ ಹೊತ್ತಿಗೆ ಸದ್ದು ಬಂದು ಎದೆಗೆ ಬಡಿಯಿತು. ತಿರುಗಿ ನೋಡಿದರೆ, ಅವರೇ ಸ್ಟ್ಯಾಂಡನ್ನು ತಬ್ಬಿಕೊಂಡು ನಡುಗುತ್ತಿದ್ದರು.

ಆ ಚಿತ್ರದಲ್ಲಿ ಬೆಳಕಿನ ಗೆರೆ ಅಂಕುಡೊಂಕಾಗಿತ್ತು. ಅದನ್ನೇ ದೊಡ್ಡದು ಮಾಡಿ, ಕಟ್ಟು ಹಾಕಿಸಿ, ಬಾಗಿಲಿಗೆದುರಾಗಿ ತೂಗುಹಾಕಿದರು. "ಶೇಕ್ ಆಗಿದೆಯಲ್ಲ ಸಾರ್?" ಎಂದ ಗಿರಾಕಿಯ ಗಲ್ಲವನ್ನು ಎರಡು ಬೆರಳಲ್ಲಿ ಚಿತ್ರದ ಕಡೆಗೆತ್ತಿ ಹೇಳುತ್ತಿದ್ದರು: "ರಾಕೆಟ್ ನೆಟ್ಟಗೇ ಹೋಯ್ತು ಕಣ್ರೀ. ಅಲುಗಾಡಿದ್ದು ನಾನು."