ಕನ್ಯೆ ನೋಡಲು ಹೋದ ಭೌತಶಾಸ್ತ್ರ

ಕೊಪ್ಪಳದ ಕಾಲೇಜಿನಲ್ಲಿ ನನ್ನ ಜೊತೆ ಭೌತಶಾಸ್ತ್ರ ಕಲಿಸುತ್ತಿದ್ದ ಹಿರಿಯ ಉಪನ್ಯಾಸಕರೊಬ್ಬರು ಎಂಥ ಕಠಿಣ ವಿಷಯ ಬಂದರೂ ಸೀಮೆಸುಣ್ಣದ ಕೈಯನ್ನು ಅಂಗಿಗೆ ಒರೆಸಿಕೊಂಡು, “ಭಾಳ ಸರಳ ಐತಿ ನೋಡ್ರಿ” ಎನ್ನುತ್ತಿದ್ದರು. ಹಾಗೆ ವಿವರಿಸಿ ವಿವರಿಸಿಯೇ ಬಂದ ಮದುವೆ ಸಂಬಂಧಗಳನ್ನೆಲ್ಲ ಕಳೆದುಕೊಂಡಿದ್ದರು. ಗಂಗಾವತಿಗೆ ಕನ್ಯೆ ನೋಡಲು ಹೊರಟಾಗ ಅವರ ತಾಯಿ ನನ್ನನ್ನೂ ಕರೆದರು: “ನೀನೂ ಬಾರವಾ, ಇವನ ಬಾಯಿ ಕಾಯಾಕ.”

ಚಹಾ ಬಂತು. ಹುಡುಗಿಯ ತಂದೆ, “ಸಂಶೋಧನಾ ಏನು ಮಾಡ್ತೀರಿ?” ಎಂದರು. ನಾನು ಕೆಮ್ಮಿದೆ. ನಮ್ಮ ಉಪನ್ಯಾಸಕರಿಗೆ ಕೇಳಿಸಲಿಲ್ಲ.

“ಭಾಳ ಸರಳ ಐತಿ ನೋಡ್ರಿ. ಕೆಲವು ವಸ್ತು ತಣ್ಣಗಾದಾಗ ಅದರಾಗಿನ ಎಲೆಕ್ಟ್ರಾನು, ಎಲೆಕ್ಟ್ರಾನು ಬಿಟ್ಟುಹೋದ ಖಾಲಿ ಜಾಗ, ಎರಡೂ ಜೋಡಿ ಆಗತಾವ್ರಿ. ಎಲ್ಲಾ ಜೋಡಿ ಆದವಂದ್ರ ಕರೆಂಟ್ ಹರಿಯೂದು ಬಂದ್.”

“ಜೋಡಿ ಆದಮ್ಯಾಲೆ ಕರೆಂಟ್ ಬಂದ್ ಏನ್ರಿ?” ಹುಡುಗಿಯ ತಂದೆಯ ಮುಖ ಸಪ್ಪಗಾಯಿತು. ಉಪನ್ಯಾಸಕರ ತಾಯಿ ನನ್ನನ್ನು ದಿಟ್ಟಿಸಿದರು.

ಬಾಗಿಲ ಬಳಿ ನಿಂತಿದ್ದ ಹುಡುಗಿ ಮೆಲ್ಲಗೆ ಕೇಳಿದಳು: “ಮತ್ತ ಕಾಸಿದ್ರ?”

“ಜೋಡಿ ಒಡೀತೈತ್ರಿ” ಎಂದರು, ಪ್ರಾಮಾಣಿಕವಾಗಿ.

“ಹಂಗಾರ ಇಬ್ಬರೂ ತಣ್ಣಗ ಇದ್ದರಾತು ಬಿಡ್ರಿ.”

ಆಮೇಲೆ ಅವರು ಮತ್ತೆ ‘ಸರಳ ಐತಿ’ ಎನ್ನಲಿಲ್ಲ. ಬಿಸಿ ಚಹಾವನ್ನು ಬಸಿಗೆ ಸುರಿದುಕೊಂಡು, ಅದು ಪೂರ್ತಿ ಆರುವ ತನಕ ಊದುತ್ತಲೇ ಕೂತರು.