ದೇವರ ಜಗಲಿಯ ಮೇಲೆ ನನ್ನ ಕಾದಂಬರಿ

ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಹುಮನಾಬಾದಿನ ತಹಸೀಲ್ ಕಚೇರಿ ಎದುರು ನಾನು ಅರ್ಜಿ ಟೈಪ್ ಮಾಡುತ್ತಿದ್ದೆ. ದಿನವಿಡೀ ಬೇರೆಯವರ ಗೋಳನ್ನು 'ಮಾನ್ಯರೇ' ಎಂದು ಶುರು ಮಾಡಿ 'ತಮ್ಮ ವಿಧೇಯ' ಎಂದು ಮುಗಿಸುವುದು, ಸಂಜೆ ಬಾಡಿಗೆ ಕೋಣೆಗೆ ಬಂದು ಕಾದಂಬರಿ ಬರೆಯುವುದು. ಗಂಡನ ಹೊಲಕ್ಕಾಗಿ ಮೈದುನರ ಮೇಲೆ ಕೋರ್ಟಿಗೆ ಹೋದ ವಿಧವೆಯೊಬ್ಬಳ ಕತೆ. ಮೂರು ವರ್ಷದಲ್ಲಿ ಐದು ನೋಟ್‌ಬುಕ್ ತುಂಬಿದವು. ಚೆನ್ನಾಗಿದೆಯೋ ಇಲ್ಲವೋ ನನಗೇ ಗೊತ್ತಾಗುತ್ತಿರಲಿಲ್ಲ. ಓದಿ ಹೇಳುವವರು ಒಬ್ಬರಾದರೂ ಬೇಕಿತ್ತು. ಪಕ್ಕದ ಟೇಬಲ್ಲಿನ ಟೈಪಿಸ್ಟನಿಗೆ ತೋರಿಸಿದರೆ, "ಇದಕ್ಕ ಎಷ್ಟರ ಸ್ಟಾಂಪ್ ಹಚ್ಚತೀ?" ಎಂದು ನಕ್ಕ. ಸಿಟ್ಟಿಗೆ ಒಂದು ವಾರ ಅವನ ಜೊತೆ ಮಾತು ಬಿಟ್ಟೆ. ಆ ವಾರ ನನ್ನ ಜೊತೆ ಮಾತಾಡಲು ಊರಲ್ಲಿ ಯಾರೂ ಇರಲಿಲ್ಲ.

ಹೈಸ್ಕೂಲಿನಲ್ಲಿ ನನಗೆ ಕನ್ನಡ ಕಲಿಸಿದ ಮಾಸ್ತರರು ನಿವೃತ್ತರಾಗಿ ಬಸವಕಲ್ಯಾಣದಲ್ಲಿದ್ದರು. ತೋರಿಸಿದರೆ ಅವರಿಗೇ ಎಂದು ತೀರ್ಮಾನಿಸಿದೆ. ನಮ್ಮ ಹಳ್ಳಿ ಕೊಹಿನೂರಿನಲ್ಲಿದ್ದ ಅವ್ವ ಐದೂ ನೋಟ್‌ಬುಕ್ಕುಗಳನ್ನು ಮನೆಯ ಪುರಾಣದ ಪುಸ್ತಕದ ಹಾಗೆ ಕಾವಿ ಬಟ್ಟೆಯಲ್ಲಿ ಸುತ್ತಿ, ಬಿಗಿಯಾಗಿ ಎರಡು ಗಂಟು ಹಾಕಿ, ಮೇಲೆ ವಿಭೂತಿ ಹಚ್ಚಿದಳು. "ದೊಡ್ಡವ್ರ ಕೈಯಾಗ ಹಂಗೇ ಕೊಡಬಾರದಪ್ಪ" ಎಂದಳು.

ಮಾಸ್ತರರು ಕಟ್ಟನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಕಣ್ಣಿಗೊತ್ತಿಕೊಂಡರು. ಹೆಂಡತಿಯನ್ನು ಕರೆದು, "ಜಗಲಿ ಮ್ಯಾಲ ಇಡು" ಎಂದರು. ದೇವರ ಜಗಲಿ! ನನಗೋ ಹಿಗ್ಗೋ ಹಿಗ್ಗು. ಜಗಲಿಯ ಮೇಲೆ ಇಟ್ಟಿದ್ದನ್ನು ಓದುವುದು ಯಾವಾಗ ಎಂಬ ಪ್ರಶ್ನೆ ಆಗ ಹೊಳೆಯಲೇ ಇಲ್ಲ.

ಆಮೇಲೆ ತಿಂಗಳಿಗೊಂದು ಭಾನುವಾರ ಬಸ್ ಹತ್ತಿ ಹೋಗುತ್ತಿದ್ದೆ. ಮಾಸ್ತರರು ತಮ್ಮ ಮೊಣಕಾಲು ನೋವು, ಪೆನ್ಶನ್ ಕಚೇರಿ, ಊರಿನ ರಾಜಕಾರಣ ಎಲ್ಲ ಹೇಳುವರು. ಕಾದಂಬರಿಯ ಮಾತು ಮಾತ್ರ ಇಲ್ಲ. ಓದಿದಿರಾ ಎಂದು ಗುರುಗಳನ್ನು ಕೇಳುವುದುಂಟೇ? ಅವರ ಹೆಂಡತಿ ಕೊಟ್ಟ ಚಹಾ ಕುಡಿಯುತ್ತ ಒಳಗಿನ ಜಗಲಿ ನೋಡುತ್ತಿದ್ದೆ. ಕಟ್ಟಿನ ಮೇಲೆ ಪ್ರತಿ ಸಲವೂ ಹೊಸ ವಿಭೂತಿ, ಒಂದು ಹೂವು ಇರುತ್ತಿತ್ತು.

ವರ್ಷ ಕಳೆದ ಮೇಲೆ ಧೈರ್ಯ ಮಾಡಿ ಕೇಳಿದೆ.

"ಓದೋದೇನದ? ನೀ ಬರದೀ ಅಂದ್ರ ಛಲೋನೇ ಇರತದ. ದಿನಾ ಪೂಜಿ ಆಗಾಕತ್ತದ ನೋಡು" ಎಂದರು ಮಾಸ್ತರರು, ಹೆಮ್ಮೆಯಿಂದ.

ಸಿಟ್ಟು ನೆತ್ತಿಗೇರಿತು. ನುಂಗಿಕೊಂಡು, ವಾಪಸ್ ಕೊಡ್ರಿ ಎಂದೆ. ಅವರ ಹೆಂಡತಿಯೇ ಕಟ್ಟು ತಂದು, ಅಂಗಳದ ಬಾಗಿಲವರೆಗೆ ಬಂದು, ದನಿ ತಗ್ಗಿಸಿ ಕೇಳಿದರು: "ತಮ್ಮಾ, ನಿನ್ನ ಆ ಹೆಣ್ಣುಮಗಳು ಕೋರ್ಟು ಕಚೇರಿ ಅಂತ ಎಷ್ಟು ಓಡಾಡತಾಳ, ಎಷ್ಟು ಅಳತಾಳ. ಎಲ್ಲಿನೂ ಒಂದು ತುತ್ತು ಉಂಡಿಲ್ಲಲ್ಲೋ. ಆಕಿಗಿ ಹಸಿವಾಗಂಗಿಲ್ಲೇನು?"

"ಹ್ಞೂಂ ಅಮ್ಮಾರ" ಎಂದು ಸರಸರನೆ ನಡೆದುಬಿಟ್ಟೆ. ನಾನು ಶೈಲಿಯ ಬಗ್ಗೆ, ನಿರೂಪಣೆಯ ಬಗ್ಗೆ ಕೇಳಲು ವರ್ಷವಿಡೀ ಕಾದವನು. ಇವರು ಊಟದ ಮಾತಾಡುತ್ತಾರಲ್ಲ ಎಂದು ಇನ್ನಷ್ಟು ಉರಿಯಿತು.

ಬಸ್ಸಿನಲ್ಲಿ ಕೂತ ಮೇಲೆ ಕಟ್ಟಿನ ಕಡೆ ನೋಡಿದೆ. ಒಂದೇ ಗಂಟಿತ್ತು, ಅದೂ ಸಡಿಲ. ಬಿಚ್ಚಿದೆ. ಐದೂ ನೋಟ್‌ಬುಕ್ಕುಗಳಲ್ಲಿ, ಮೊದಲ ಪುಟದಿಂದ ಕೊನೆಯ ಪುಟದವರೆಗೆ, ಹಾಳೆ ತಿರುವುವ ಮೂಲೆಯಲ್ಲಿ ವಿಭೂತಿಯ ಬೆರಳಚ್ಚು. ಅಮ್ಮಾರು ಪೂಜೆ ಮುಗಿಸಿ, ಕೈ ತೊಳೆಯದೆ, ಅಲ್ಲೇ ಕೂತು ಓದಿದ್ದಾರೆ. ಹುಮನಾಬಾದ್ ಬರುವಷ್ಟರಲ್ಲಿ ನಾನೂ ಪುಟ ತಿರುವಿ ಹುಡುಕಿದೆ. ನನ್ನ ವಿಧವೆ ನಿಜಕ್ಕೂ ಎಲ್ಲಿಯೂ ಉಂಡಿರಲಿಲ್ಲ. ಮುನ್ನೂರು ಪುಟ ಅವಳನ್ನು ಉಪವಾಸ ಕೆಡವಿದ್ದೆ. ಅವಳ ಅಳುವೆಲ್ಲ ನಾನು ಟೈಪ್ ಮಾಡುವ ಅರ್ಜಿಗಳಲ್ಲಿನ ಅಳುವಾಗಿತ್ತು.

ಮುಂದಿನ ಭಾನುವಾರವೇ ಹೋಗಬಹುದಿತ್ತು. ಹೋಗಲಿಲ್ಲ. ತಿದ್ದಿ, ಪೂರ್ತಿ ಚೆಂದ ಮಾಡಿ, ಅಮ್ಮಾರ ಕೈಗೇ ಕೊಡೋಣವೆಂಬ ಹಮ್ಮು. ತಿದ್ದಲು ಎರಡು ವರ್ಷ ಹಿಡಿಯಿತು.

ಹೋದಾಗ ಅಮ್ಮಾರ ಫೋಟೋಕ್ಕೆ ಹಾರ ಹಾಕಿತ್ತು. ನಾಲ್ಕು ತಿಂಗಳಾಗಿತ್ತಂತೆ.

"ಅಮ್ಮಾರು ಓದಲಿ ಅಂತ ತಂದಿದ್ದೆ, ಸರ."

"ಆಕಿ ಎಲ್ಲಿ ಓದತಿದ್ದಳೋ? ಜಗಲಿ ಮುಂದ ತಾಸುಗಟ್ಟಲೆ ಕುಂತು ಪೂಜಿ ಮಾಡತಿದ್ದಳು" ಎಂದರು ಮಾಸ್ತರರು.

ಇಷ್ಟು ವರ್ಷ ಜೊತೆಗಿದ್ದು ಇದೊಂದು ತಿಳಿಯದೆ ಹೋಯಿತೇ ಎಂದು ಕೇಳಬೇಕೆನಿಸಿತು. ಆದರೆ ಒಂದು ವರ್ಷ ಅಮ್ಮಾರ ಕೈಯ ಚಹಾ ಕುಡಿದ ನನಗೆ ಎಲ್ಲಿ ತಿಳಿದಿತ್ತು? ಮಾಸ್ತರರು ಹೊಸ ಕಟ್ಟಿಗೆ ಎರಡೂ ಕೈ ಚಾಚಿದರು. "ಇನ್ನಾ ಮುಗದಿಲ್ರಿ ಸರ" ಎಂದು ಸುಳ್ಳು ಹೇಳಿ ಚೀಲದೊಳಗೆ ಇಟ್ಟುಕೊಂಡೆ.

ಈಗ ಆ ವಿಧವೆ ಕೋರ್ಟಿನ ಹೊರಗೆ, ಬೇವಿನ ಮರದ ಕೆಳಗೆ, ಬುತ್ತಿ ಬಿಚ್ಚುತ್ತಾಳೆ. ಜೋಳದ ರೊಟ್ಟಿ, ಪುಂಡಿಪಲ್ಯ. ಎರಡು ತುತ್ತು ಉಂಡು, ಉಳಿದದ್ದನ್ನು ಸಂಜೆಗೆಂದು ಕಟ್ಟಿಡುತ್ತಾಳೆ. ಅದು ಸರಿಯಾಗಿ ಬಂದಿದೆಯೇ ಎಂದು ನಾನು ಇನ್ಯಾರನ್ನೂ ಕೇಳಿಲ್ಲ.